ತಿಂದ ಕೂಡಲೇ ಬೆಕ್ಕು ಕಕ್ಕುತ್ತಿದ್ದರೆ

ಬೆಕ್ಕು ತಿಂದದ್ದನ್ನು ಕಕ್ಕಿದ ಕೂಡಲೇ ನೆಲ ಒರೆಸಿಬಿಡಬೇಡಿ. ಒಂದು ನಿಮಿಷ ನಿಂತು ನೋಡಿ. ತಿಂದು ಎಷ್ಟು ಹೊತ್ತಾಗಿತ್ತು? ಹೊಟ್ಟೆ ಹಿಂಡಿಕೊಂಡು ಓಕರಿಸಿತೋ, ಸುಮ್ಮನೆ ತಲೆ ಬಗ್ಗಿಸಿ ಹೊರಹಾಕಿತೋ? ಬಿದ್ದದ್ದು ಹೇಗಿದೆ? ಪಶುವೈದ್ಯರು ಮೊದಲು ಕೇಳುವುದು ಈ ಮೂರನ್ನೇ, ಉತ್ತರ ಗೊತ್ತಿಲ್ಲದಿದ್ದರೆ ಅವರೂ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಮೊಬೈಲ್ ಕೈಯಲ್ಲಿದ್ದರೆ ವಿಡಿಯೊ ಮಾಡಿಕೊಳ್ಳಿ, ಬಿದ್ದದ್ದರ ಫೋಟೊ ತೆಗೆಯಿರಿ.

ತಿಂದ ಹತ್ತು ಹದಿನೈದು ನಿಮಿಷದೊಳಗೆ, ಹೆಚ್ಚು ಕಷ್ಟಪಡದೆ, ಕಾಳು ಕಾಳಾಗಿಯೇ ಉದ್ದಕ್ಕೆ ಕೊಳವೆಯಾಕಾರದಲ್ಲಿ ಬಂದರೆ ಆ ಆಹಾರ ಜಠರವನ್ನು ತಲುಪಿಲ್ಲ, ಅನ್ನನಾಳದಿಂದಲೇ ಹಿಂದಕ್ಕೆ ಬಂದಿದೆ. ವಾಂತಿ ಬೇರೆ. ಅದಕ್ಕೆ ಮೊದಲು ಬೆಕ್ಕು ಚಡಪಡಿಸುತ್ತದೆ, ಜೊಲ್ಲು ಸುರಿಸುತ್ತದೆ, ಪದೇ ಪದೇ ನಾಲಿಗೆ ಚಪ್ಪರಿಸುತ್ತದೆ, ಆಮೇಲೆ ಹೊಟ್ಟೆಯ ಸ್ನಾಯುಗಳು ಜೋರಾಗಿ ಹಿಂಡುತ್ತವೆ. ಬರುವುದು ಅರೆಬೆಂದಂತೆ ಕರಗಿದ ಆಹಾರ, ನೊರೆ, ಇಲ್ಲವೇ ಹಳದಿ ಪಿತ್ತ. ಇನ್ನೊಂದನ್ನೂ ಗಮನಿಸಿ: ನೆಲಕ್ಕೆ ಕುಗ್ಗಿ, ಕತ್ತು ಮುಂದಕ್ಕೆ ಚಾಚಿ ಖೊರಖೊರ ಅನ್ನುತ್ತದೆ, ಆದರೆ ಏನೂ ಹೊರಬರುವುದಿಲ್ಲ. ಇದನ್ನು ಕೂದಲುಂಡೆ ಅಂದುಕೊಳ್ಳುವವರು ಬಹಳ. ಎಷ್ಟೋ ಸಲ ಅದು ಕೆಮ್ಮು, ಆಸ್ತಮಾ ಕೂಡ ಆಗಿರಬಹುದು.

ತಿಂದ ತಕ್ಷಣ ಕಕ್ಕುವುದಕ್ಕೆ ಮನೆಗಳಲ್ಲಿ ಕಾಣುವ ದೊಡ್ಡ ಕಾರಣ ಗಬಗಬ ತಿನ್ನುವುದು. ಬೆಕ್ಕು ದಿನಕ್ಕೆ ಹತ್ತಾರು ಸಣ್ಣ ಬೇಟೆಗಳನ್ನು ತಿನ್ನುವ ಪ್ರಾಣಿ, ನಾವು ಅದನ್ನು ಎರಡು ಹೊತ್ತಿನ ಊಟಕ್ಕೆ ಕೂರಿಸುತ್ತೇವೆ. ಹಸಿದಿರುತ್ತದೆ, ಡ್ರೈ ಫುಡ್ಡನ್ನು ಅಗಿಯದೆ ನುಂಗುತ್ತದೆ, ಕಾಳು ಒಳಗೆ ನೀರು ಹೀರಿ ಉಬ್ಬುತ್ತದೆ. ಮನೆಯಲ್ಲಿ ಎರಡು ಮೂರು ಬೆಕ್ಕುಗಳಿದ್ದರೆ ಪೈಪೋಟಿ ಬೇರೆ. ಜಗಳವೇ ಆಗಬೇಕಿಲ್ಲ, ಇನ್ನೊಂದು ಬೆಕ್ಕು ದೂರದಲ್ಲಿ ಕೂತು ದಿಟ್ಟಿಸಿದರೂ ಸಾಕು, ಸಾಧು ಬೆಕ್ಕು ಆತುರಾತುರವಾಗಿ ನುಂಗುತ್ತದೆ. ಅಂಥ ಮನೆಗಳಲ್ಲಿ ತಟ್ಟೆ ಬೇರೆ ಮಾಡಿದರೆ ಸಾಲದು, ಕೋಣೆಯನ್ನೇ ಬೇರೆ ಮಾಡಿ.

ಮೊದಲು ಅಳತೆ. ನಾಲ್ಕು ಕೆಜಿ ತೂಗುವ, ಮರಿಯಾಗದಂತೆ ಆಪರೇಷನ್ ಆದ, ಮನೆಯೊಳಗೇ ಇರುವ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೊಕ್ಯಾಲರಿ ಬೇಕು. ಡ್ರೈ ಫುಡ್ಡಿನಲ್ಲಿ ನೂರು ಗ್ರಾಂಗೆ ಸಾಮಾನ್ಯವಾಗಿ 350ರಿಂದ 400 ಇರುತ್ತದೆ. ಅಂದರೆ ಇಡೀ ದಿನಕ್ಕೆ 50–55 ಗ್ರಾಂ, ಅಷ್ಟೇ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿದರೆ ಬಟ್ಟಲು ತುಂಬ ಹಾಕುತ್ತಿದ್ದದ್ದು ಎಷ್ಟು ಅತಿ ಎಂದು ಗೊತ್ತಾಗುತ್ತದೆ. ಈ 50 ಗ್ರಾಮನ್ನು ಐದು ಪಾಲು ಮಾಡಿ, ಕೊನೆಯ ಪಾಲನ್ನು ರಾತ್ರಿ ಮಲಗುವ ಮುನ್ನ ಕೊಡಿ. ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಹಳದಿ ನೊರೆ ಕಕ್ಕುವ ಬೆಕ್ಕುಗಳಿಗೂ ಈ ಕೊನೆಯ ತುತ್ತೇ ಎಷ್ಟೋ ಸಲ ಪರಿಹಾರ.

ಆಮೇಲೆ ತಟ್ಟೆ. ನಿಧಾನವಾಗಿ ತಿನ್ನಿಸುವ ಬಟ್ಟಲುಗಳು ಅಂಗಡಿಯಲ್ಲಿ ಸಿಗುತ್ತವೆ, ಆದರೆ ನಮ್ಮ ಅಡುಗೆಮನೆಯಲ್ಲೇ ಅದಕ್ಕಿಂತ ಒಳ್ಳೆಯದು ಇದೆ: ಹಳೆಯ ಪಡ್ಡಿನ ಹೆಂಚು. ಒಂದೊಂದು ಗುಳಿಗೆ ಆರೇಳು ಕಾಳು ಹಾಕಿ. ಬೆಕ್ಕು ಗುಳಿಯಿಂದ ಗುಳಿಗೆ ಹೋಗಿ ಹೆಕ್ಕಿ ತಿನ್ನಬೇಕು, ಬೀಡಿನ ಹೆಂಚಾದರೆ ಭಾರಕ್ಕೆ ಜಾರುವುದೂ ಇಲ್ಲ. ಇಡ್ಲಿ ತಟ್ಟೆಯೂ ಆದೀತು. ಕಾಳಿಗೆ ಎರಡರಷ್ಟು ಉಗುರುಬೆಚ್ಚಗಿನ ನೀರು ಹಾಕಿ ಹದಿನೈದು ನಿಮಿಷ ನೆನೆಸಿ ಕೊಡುವುದು ಇನ್ನೊಂದು ದಾರಿ. ಉಬ್ಬುವುದೇನಿದ್ದರೂ ತಟ್ಟೆಯಲ್ಲೇ ಮುಗಿಯುತ್ತದೆ. ನೆನೆಸಿದ್ದನ್ನು ಬೇಸಿಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಇಷ್ಟನ್ನು ಒಂದು ವಾರ ಬಿಡದೆ ಮಾಡಿದಾಗ ಕಕ್ಕುವುದು ನಿಂತರೆ ಕಾರಣ ಸಿಕ್ಕಿತು. ನಿಲ್ಲದಿದ್ದರೆ ಮುಂದೆ ಹುಡುಕಬೇಕು.

ಹುಡುಕಬೇಕಾದ ಮೊದಲ ಜಾಗ ನಾವು ಪ್ರೀತಿಯಿಂದ ಬಡಿಸುವ ಊಟ. ಹಾಲು ಬಿಟ್ಟ ಮೇಲೆ ಬಹುಪಾಲು ಬೆಕ್ಕುಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಭೇದಿಯಾಗುತ್ತದೆ, ಕೆಲವಕ್ಕೆ ವಾಂತಿಯೂ ಆಗುತ್ತದೆ. ಮೀನುಸಾರು ಕಲಸಿದ ಅನ್ನದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತವೆ. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಬ್ರ್ಯಾಂಡನ್ನು ಒಂದೇ ದಿನದಲ್ಲಿ ಬದಲಿಸುವುದೂ ತಪ್ಪು. ಹೊಸದನ್ನು ಮೊದಲ ಎರಡು ದಿನ ಕಾಲುಭಾಗ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹೀಗೆ ಏಳರಿಂದ ಹತ್ತು ದಿನದಲ್ಲಿ ದಾಟಿಸಿ. ಚೀಲ ಬಿಚ್ಚಿ ಲೂಸ್ ಮಾರುವ ಡ್ರೈ ಫುಡ್ ಕೊಳ್ಳಬೇಡಿ. ಅದು ಎಂದು ತೆರೆದದ್ದು ಎಂದು ಯಾರಿಗೂ ತಿಳಿಯುವುದಿಲ್ಲ. ಗಾಳಿ ತಾಗಿದರೆ ಅದರ ಕೊಬ್ಬು ಕಮಟಾಗುತ್ತದೆ, ಕರಾವಳಿ ಮಲೆನಾಡಿನ ಮಳೆಗಾಲದಲ್ಲಿ ಬೂಸಲೂ ಹಿಡಿಯುತ್ತದೆ. ಒಂದು ತಿಂಗಳಲ್ಲಿ ಮುಗಿಯುವಷ್ಟು ದೊಡ್ಡ ಪೊಟ್ಟಣ ತಂದು, ಪೊಟ್ಟಣ ಸಮೇತ ಗಾಳಿಯಾಡದ ಡಬ್ಬಿಯಲ್ಲಿಡಿ.

ತಟ್ಟೆಯ ಸುತ್ತ ಇರುವೆ ಬರದಂತೆ ಚಾಕ್‌ಪೀಸಿನ ಗೆರೆ ಎಳೆಯುವ ಅಭ್ಯಾಸವನ್ನಂತೂ ಇವತ್ತೇ ಬಿಟ್ಟುಬಿಡಿ. ಆ ಚಾಕ್‌ನಲ್ಲಿರುವುದು ಸಾಮಾನ್ಯವಾಗಿ ಪೈರೆಥ್ರಾಯ್ಡ್ ಕೀಟನಾಶಕ, ಅದನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಗೆರೆ ತುಳಿದ ಪಾದವನ್ನೇ ಅದು ನೆಕ್ಕುತ್ತದೆ. ಅಗಲ ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಊಟದ ಬಟ್ಟಲಿಟ್ಟರೆ ಇರುವೆ ಹತ್ತುವುದಿಲ್ಲ.

ಕೂದಲುಂಡೆಯ ವಿಷಯ ಚಿಕ್ಕದು. ನಾಲಿಗೆಯ ಮುಳ್ಳುಗಳು ಒಳಮುಖವಾಗಿರುವುದರಿಂದ ಕಿತ್ತ ಕೂದಲನ್ನು ಬೆಕ್ಕು ನುಂಗಲೇಬೇಕು. ತಿಂಗಳಿಗೆ ಒಂದು ಸಲ ಬಂದರೆ ಚಿಂತೆ ಬೇಡ. ಪರ್ಷಿಯನ್ ತಳಿಗೆ ದಿನಾ, ಉಳಿದವಕ್ಕೆ ವಾರಕ್ಕೆರಡು ಸಲ ಬಾಚಿ. ವಾರವಾರವೂ ಬರುತ್ತಿದ್ದರೆ ಕರುಳಿನ ಚಲನೆಯಲ್ಲೋ ಚರ್ಮದಲ್ಲೋ ತೊಂದರೆ ಇರಬಹುದು, ಕೂದಲು ಸಾಗಲೆಂದು ನೆಕ್ಕಿಸುವ ಮಾಲ್ಟ್ ಪೇಸ್ಟಿನಿಂದಷ್ಟೇ ಅದು ಹೋಗದು.

ದಾರದ ವಿಷಯ ಮಾತ್ರ ಹಗುರವಲ್ಲ. ದೇವರ ಪಟದಿಂದ ತೆಗೆದ ಒಣ ಮಲ್ಲಿಗೆ ಮಾಲೆಯ ದಾರ, ಹೊಲಿಗೆಯ ನೂಲು, ಸೀರೆಯ ಕುಚ್ಚಿನ ರೇಷ್ಮೆ ಎಳೆ, ಇವನ್ನು ಬೆಕ್ಕು ಆಟವಾಡುತ್ತ ನುಂಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೋ ಜಠರದ ಬಾಯಿಗೋ ಸಿಕ್ಕಿಕೊಳ್ಳುತ್ತದೆ, ಇನ್ನೊಂದು ತುದಿಯನ್ನು ಕರುಳು ಮುಂದಕ್ಕೆ ಎಳೆಯುತ್ತಲೇ ಇರುತ್ತದೆ. ದಾರ ಕದಲುವುದಿಲ್ಲ, ಕರುಳೇ ಅದರ ಮೇಲೆ ನೆರಿಗೆ ನೆರಿಗೆಯಾಗಿ ಸುಕ್ಕಾಗುತ್ತದೆ, ಕೊನೆಗೆ ದಾರ ಕರುಳಿನ ಗೋಡೆಯನ್ನು ಕೊಯ್ಯುತ್ತದೆ. ಬಾಯಲ್ಲೋ ಗುದದಲ್ಲೋ ದಾರ ಕಂಡರೆ ದಯವಿಟ್ಟು ಎಳೆಯಬೇಡಿ, ಕತ್ತರಿಸಲೂ ಬೇಡಿ, ನೇರ ಆಸ್ಪತ್ರೆಗೆ ಹೋಗಿ. ಬಾಡಿದ ಮಾಲೆಗಳನ್ನು ಮುಚ್ಚಳವಿರುವ ಡಬ್ಬಿಗೇ ಹಾಕಿ. ಬೊಕೆಯಲ್ಲಿ ಬರುವ ಲಿಲ್ಲಿ ಹೂವನ್ನೂ ಬೆಕ್ಕಿರುವ ಮನೆಗೆ ತರಬೇಡಿ. ಎಲೆ, ಪರಾಗ, ಹೂದಾನಿಯ ನೀರು ಯಾವುದಾದರೂ ಸರಿ, ಸ್ವಲ್ಪ ಒಳಗೆ ಹೋದರೂ ಮೊದಲು ವಾಂತಿ, ಒಂದೆರಡು ದಿನದಲ್ಲಿ ಕಿಡ್ನಿ ವೈಫಲ್ಯ.

ಮಾತ್ರೆ ನುಂಗಿಸಿದ ಕೆಲವು ದಿನಗಳ ನಂತರ ಕಕ್ಕುವುದು ಶುರುವಾದರೆ ಅದನ್ನು ವೈದ್ಯರಿಗೆ ಹೇಳಿ. ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯಾಟಿಕ್ ಮಾತ್ರೆ ಒಣದಾಗಿ ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲಿ ಹುಣ್ಣಾಗಿ, ಮಾಯುವಾಗ ನಾಳವೇ ಕಿರಿದಾಗಬಹುದು. ಮಾತ್ರೆ ಕೊಟ್ಟ ಕೂಡಲೇ ಸೂಜಿಯಿಲ್ಲದ ಸಿರಿಂಜಿನಿಂದ ಐದಾರು ಎಂಎಲ್ ನೀರನ್ನು ಕೆನ್ನೆಯ ಪಕ್ಕದಿಂದ ನಿಧಾನವಾಗಿ ಕುಡಿಸಬೇಕು.

ಹತ್ತು ವರ್ಷ ದಾಟಿದ ಬೆಕ್ಕು ಚೆನ್ನಾಗಿ ತಿಂದೂ ಸೊರಗುತ್ತ, ಆಗಾಗ ಕಕ್ಕುತ್ತಿದ್ದರೆ ಥೈರಾಯ್ಡ್, ಕಿಡ್ನಿ ಎರಡರ ರಕ್ತಪರೀಕ್ಷೆಯೂ ಆಗಬೇಕು. ನಡುವಯಸ್ಸಿನಲ್ಲಿ ವಾರಕ್ಕೊಮ್ಮೆ ವಾಂತಿ ತಿಂಗಳುಗಟ್ಟಲೆ ನಡೆದಿದ್ದರೆ ಆಹಾರದ ಅಲರ್ಜಿ, ಕರುಳಿನ ಉರಿಯೂತ, ಕೆಲವೊಮ್ಮೆ ಲಿಂಫೋಮಾ ಎಂಬ ಕ್ಯಾನ್ಸರ್ ಕಾರಣವಿರಬಹುದು. ಅಲರ್ಜಿ ಪತ್ತೆಗೆ, ಹಿಂದೆಂದೂ ತಿನ್ನದ ಒಂದೇ ಮಾಂಸದ ಆಹಾರವನ್ನು ಆರರಿಂದ ಎಂಟು ವಾರ ಕೊಡುತ್ತಾರೆ. ನಡುವೆ ಒಂದು ಟ್ರೀಟ್ ಕೊಟ್ಟರೂ ಪರೀಕ್ಷೆ ಕೆಡುತ್ತದೆ. "ಬೆಕ್ಕು ಅಂದಮೇಲೆ ವಾಂತಿ ಮಾಡುತ್ತೆ ಬಿಡಿ" ಎನ್ನುವ ಮಾತು ಇಂಥ ಬೆಕ್ಕುಗಳಿಗೆ ಮಾಡುವ ಅನ್ಯಾಯ. ಬೇಗ ಹಿಡಿದರೆ ಇವುಗಳಲ್ಲಿ ಬಹಳಷ್ಟನ್ನು ಹತೋಟಿಯಲ್ಲಿಡಬಹುದು. ಮರಿಗಳಲ್ಲಿ ಜಂತುಹುಳು ಸಾಮಾನ್ಯ. ಆದರೆ ಲಸಿಕೆ ಆಗದ ಮರಿ ವಾಂತಿ ಮಾಡಿ, ಊಟ ಬಿಟ್ಟು, ಮುದುಡಿ ಕೂತರೆ ಪ್ಯಾನ್‌ಲ್ಯುಕೋಪೀನಿಯಾ ಎಂಬ ಮಾರಕ ವೈರಸ್ ಕಾಯಿಲೆ ಇರಬಹುದು, ಗಂಟೆಗಳೇ ಲೆಕ್ಕ.

ದೊಡ್ಡ ಬೆಕ್ಕು ಒಂದು ಸಲ ವಾಂತಿ ಮಾಡಿ ಮತ್ತೆ ಎಂದಿನಂತೆ ಓಡಾಡಿಕೊಂಡಿದ್ದರೆ ನಾಲ್ಕರಿಂದ ಆರು ಗಂಟೆ ಊಟ ತೆಗೆದಿಡಿ, ನೀರು ಇರಲಿ. ಆಮೇಲೆ ಉಪ್ಪು, ಅರಿಶಿನ, ಎಣ್ಣೆ ಏನೂ ಹಾಕದೆ ಬೇಯಿಸಿದ ಕೋಳಿಯ ಎದೆಮಾಂಸ ಒಂದು ದೊಡ್ಡ ಚಮಚ. ಉಳಿಸಿಕೊಂಡರೆ ಮೂರು ಗಂಟೆಗೊಮ್ಮೆ ಅಷ್ಟೇ. ಮರುದಿನದಿಂದ ಮಾಮೂಲಿ ಆಹಾರ ಬೆರೆಸುತ್ತ ಬನ್ನಿ. ಬರೀ ಕೋಳಿಯನ್ನೇ ಮುಂದುವರಿಸಬೇಡಿ, ಅದರಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಎಂಬ ಪೋಷಕಾಂಶವೂ ಬೇಯಿಸಿದ ನೀರಿನೊಂದಿಗೆ ಒಂದಷ್ಟು ಹೋಗುತ್ತದೆ. ಮರಿಗಳನ್ನು ಉಪವಾಸ ಕೆಡವಲೇಬೇಡಿ. ಮನುಷ್ಯರ ವಾಂತಿ ಮಾತ್ರೆ ಬೇಡ, ಕರುಳು ಕಟ್ಟಿಕೊಂಡಿದ್ದರೆ ಅದು ಲಕ್ಷಣವನ್ನು ಮುಚ್ಚಿಬಿಡುತ್ತದೆ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ವಾಂತಿ, ಕುಡಿದ ನೀರೂ ನಿಲ್ಲದಿರುವುದು, ರಕ್ತ ಅಥವಾ ಕಾಫಿ ಚರಟದಂಥ ಕಪ್ಪು, ಒಸಡು ಒಣಗಿ ಅಂಟಂಟಾಗಿರುವುದು, 24 ಗಂಟೆ ಏನೂ ತಿನ್ನದಿರುವುದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ವೈದ್ಯರ ಬಳಿ ಹೋಗಿ. ದಪ್ಪ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಯಕೃತ್ತಿಗೆ ಕೊಬ್ಬು ತುಂಬಿಕೊಂಡು ಅದೇ ಪ್ರಾಣಕ್ಕೆ ಕುತ್ತಾಗುತ್ತದೆ. ಗಂಡು ಬೆಕ್ಕು ವಾಂತಿಯ ಜೊತೆಗೆ ಮತ್ತೆ ಮತ್ತೆ ಮರಳಿನ ತಟ್ಟೆಗೆ ಹೋಗಿ ಉಚ್ಚೆ ಬಾರದೆ ಒದ್ದಾಡುತ್ತಿದ್ದರೆ ಮೂತ್ರನಾಳ ಕಟ್ಟಿಕೊಂಡಿರಬಹುದು, ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಹೊರಡಿ. ಹೋಗುವಾಗ ವಿಡಿಯೊ, ಆಹಾರದ ಪೊಟ್ಟಣದ ಫೋಟೊ, ಕೊಟ್ಟ ಔಷಧಿಗಳ ಹೆಸರು, ಲಸಿಕೆ ಪುಸ್ತಕ ಜೊತೆಗಿರಲಿ.