ನಮ್ಮಮ್ಮ ಆಗಿದ್ರೆ ನನ್ನ ಹತ್ರ ಬರ್ತಾನೇ ಇರ್ಲಿಲ್ಲ

ಮೂತ್ರಕೋಶದ ಕ್ಯಾನ್ಸರ್ ಮತ್ತೆ ಬಂದಿದೆ. ಮಂಗಳವಾರ ಸಿಸ್ಟೊಸ್ಕೋಪಿ ಆಯಿತು, ಅಂದರೆ ಮೂತ್ರದ ದಾರಿಯಿಂದ ಕ್ಯಾಮೆರಾ ಬಿಟ್ಟು ಒಳಗೆ ನೋಡುವ ಪರೀಕ್ಷೆ. ಮೂತ್ರಕೋಶದ ಎಡಗೋಡೆಯಲ್ಲಿ ಎರಡು ಪುಟ್ಟ ಗಡ್ಡೆಗಳು. ಗಾಬರಿ ಆಯ್ತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ, ಬೇಜಾರಾಯಿತು. ಇವು ನನಗೆ ಹಳೇ ಗಿರಾಕಿಗಳು.

ಪರೀಕ್ಷೆ ಮಾಡುವಾಗ ಪರದೆ ನನಗೂ ಕಾಣುತ್ತದೆ. ಮೊದಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಈಗ ನೋಡುತ್ತೇನೆ. ಹೆಂಗಸರಿಗೆ ದಾರಿ ಗಿಡ್ಡ. ಜೆಲ್ಲಿ ಹಾಕಿ, ಕ್ಯಾಮೆರಾ ಒಳಗೆ ಬಿಟ್ಟು, ನೋಡಿ ತೆಗೆಯುವುದು ಬೇಗ ಮುಗಿದುಹೋಗುತ್ತದೆ. ಒಳಗೆ ಸಲೈನ್ ತುಂಬಿಸಿರುತ್ತಾರೆ. ತಿಳಿಗುಲಾಬಿ ಗೋಡೆ, ಅದರ ಮೇಲೆ ತೀರಾ ಸಣ್ಣ ರಕ್ತನಾಳಗಳು. ಕಿಡ್ನಿಯಿಂದ ಇಳಿದು ಬರುವ ನಾಳದ ಬಾಯಿ ಸಣ್ಣಗೆ ತೆರೆದು, ಚಿರ್ ಅಂತ ಒಂದಿಷ್ಟು ಬಿಟ್ಟು, ಮತ್ತೆ ಮುಚ್ಚಿಕೊಳ್ಳುತ್ತದೆ. ಅದನ್ನು ನೋಡಿದರೆ ನನಗೆ ಈಗಲೂ ಖುಷಿ. ಪಾಪ, ಅದರ ಪಾಡಿಗೆ ಅದು ಕೆಲಸ ಮಾಡುತ್ತಿರುತ್ತದೆ. ಅದರಿಂದ ಸ್ವಲ್ಪ ಆಚೆಗೆ ಇವು ಕಂಡವು. ಕೆರೆಯೊಳಗೆ ಪಾಚಿ ಆಡಿದ ಹಾಗೆ ನೀರಿನಲ್ಲಿ ಮೆಲ್ಲಗೆ ಓಲಾಡುತ್ತಿದ್ದವು.

"ಐದು ಮಿಲಿಮೀಟರ್ ಇರಬಹುದು ಅಷ್ಟೇ ಮೇಡಂ. ನೋಡೋಕೆ ಹಳೇದರ ಥರಾನೇ ಇದೆ" ಅಂದರು ಡಾಕ್ಟರು. "ತೆಗೀಬಹುದು, ಕಾಯಲೂಬಹುದು, ಔಷಧಿ ಹಾಕಿ ನೋಡಬಹುದು. ಯಾವುದೂ ತಪ್ಪಲ್ಲ. ನೀವು ಯೋಚನೆ ಮಾಡಿ ಹೇಳಿ."

ಯಾವುದೂ ತಪ್ಪಲ್ಲ ಅಂದರೆ ನಾನೇನು ಮಾಡಲಿ? ಯಾರಾದರೂ ಹೀಗೆ ಮಾಡಿ ಅಂತ ಹೇಳಲಿ ಅಂತ ತಾನೇ ಆಸ್ಪತ್ರೆಗೆ ಹೋಗುವುದು! ಅದಕ್ಕೇ ನಮ್ಮ ಕಡೆ ಎಲ್ಲ ಪೇಷಂಟುಗಳೂ ಕೊನೆಗೆ ಬಿಡುವ ಬಾಣವನ್ನೇ ನಾನೂ ಬಿಟ್ಟೆ.

"ನಿಮ್ಮ ತಾಯಿ ಆಗಿದ್ರೆ ಏನ್ ಮಾಡ್ತಿದ್ರಿ ಡಾಕ್ಟ್ರೇ?"

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಮ್ಮಮ್ಮ ಆಗಿದ್ರೆ ನನ್ನ ಹತ್ರ ಬರ್ತಾನೇ ಇರ್ಲಿಲ್ಲ ಮೇಡಂ. ಮಗನಿಗೆ ಇದನ್ನೆಲ್ಲ ಹೆಂಗೆ ಹೇಳೋದು ಅಂತ ಮುಚ್ಚಿಟ್ಕೊಂಡಿರೋರು."

ನರ್ಸ್ ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ಎರಡೂ ಕಾಲು ಮೇಲಕ್ಕೆ ಇಟ್ಟುಕೊಂಡು, ಒಳಗೆ ಕ್ಯಾಮೆರಾ ಇಟ್ಟುಕೊಂಡು ನಗುವುದು ಸುಲಭದ ಮಾತಲ್ಲ. ಪರದೆಯ ಮೇಲೆ ನನ್ನ ಮೂತ್ರಕೋಶವೂ ಕುಲುಕಿತು. "ನಗ್ಬೇಡಿ ನಗ್ಬೇಡಿ" ಅಂದರು ಅವರೇ.

ಹೊರಗೆ ಕಾಯುತ್ತಿದ್ದ ನಮ್ಮನೆಯವರಿಗೆ ಹೇಳಿದರೆ, "ಏನ್ ಉಡಾಫೆ ಉತ್ತರ ಅದು! ಕೇಳಿದ್ದಕ್ಕೆ ನೆಟ್ಟಗೆ ಹೇಳಬಾರದಾ?" ಅಂತ ಸಿಡುಕಿದರು. ಇವರಿಗೆ ಡಾಕ್ಟರು ಗಂಭೀರವಾಗಿರಬೇಕು, ಕನ್ನಡಕ ಹಾಕಿರಬೇಕು, ಕಡಿಮೆ ಮಾತಾಡಬೇಕು. ನನಗೆ ಉಡಾಫೆ ಅನ್ನಿಸಲಿಲ್ಲ. ಆದರೆ ಸಂಜೆ ಹುರುಳಿಕಾಯಿ ಬಿಡಿಸುತ್ತಾ ಕೂತಾಗ ಆ ಮಾತು ಮತ್ತೆ ಬಂತು. ಬರ್ತಾನೇ ಇರ್ಲಿಲ್ಲ. ಆಗ ನಗು ಬರಲಿಲ್ಲ.

ಯಾಕಂದರೆ ನಾನೂ ಹೇಳಿರಲಿಲ್ಲ. ಮೊದಲ ಸಲ ರಕ್ತ ಕಂಡಾಗ ನನಗೆ ಐವತ್ತೇಳು. ಮುಟ್ಟು ನಿಂತು ಎಷ್ಟೋ ವರ್ಷ ಆಗಿತ್ತು. ನೋವಿಲ್ಲ, ಉರಿ ಇಲ್ಲ, ಜ್ವರ ಇಲ್ಲ. ಸುಮ್ನೆ ಕೆಂಪಗೆ ಹೋಯಿತು. ಯಾರಿಗೆ ಹೇಳುವುದು? ಮಗ ಅಮೆರಿಕದಲ್ಲಿ, ಇವರಿಗೆ ರಕ್ತ ಅಂದರೆ ತಲೆ ತಿರುಗುತ್ತದೆ. ಬಡಾವಣೆಯ ಕ್ಲಿನಿಕ್ಕಿನ ಲೇಡಿ ಡಾಕ್ಟರ ಹತ್ತಿರ ಹೋದೆ. "ಯೂರಿನ್ ಇನ್‌ಫೆಕ್ಷನ್, ಈ ವಯಸ್ಸಲ್ಲಿ ಲೇಡೀಸ್‌ಗೆ ಕಾಮನ್" ಅಂತ ಆಂಟಿಬಯಾಟಿಕ್ ಬರೆದುಕೊಟ್ಟರು. ಕಲ್ಚರ್ ಟೆಸ್ಟ್ ಇಲ್ಲ, ಸ್ಕ್ಯಾನ್ ಇಲ್ಲ. ಎರಡು ದಿನಕ್ಕೆ ರಕ್ತ ನಿಂತಿತು. ಈ ಕಾಯಿಲೆಯಲ್ಲಿ ರಕ್ತ ತನ್ನಷ್ಟಕ್ಕೆ ತಾನೇ ನಿಲ್ಲುತ್ತದೆ, ಹೆಸರು ಮಾತ್ರೆಗೆ ಬರುತ್ತದೆ. ಮತ್ತೆ ಕಂಡಾಗ ಮತ್ತೆ ಅದೇ ಮಾತ್ರೆ. ಇದೇ ರಕ್ತ ನಮ್ಮ ಯಜಮಾನರಿಗೆ ಹೋಗಿದ್ದರೆ ಅವತ್ತೇ ಯೂರಾಲಜಿಸ್ಟ್ ಹತ್ತಿರ ಕಳಿಸುತ್ತಿದ್ದರು. ಮೂತ್ರಕೋಶದ ಕ್ಯಾನ್ಸರ್ ಬರುವ ನಾಲ್ವರಲ್ಲಿ ಸುಮಾರು ಮೂವರು ಗಂಡಸರೇ. ಅದಕ್ಕೇ ಹೆಂಗಸರಿಗೆ ಬಂದಾಗ ಯಾರಿಗೂ ಹೊಳೆಯುವುದಿಲ್ಲ. ನೋವಿಲ್ಲದೆ ರಕ್ತ ಹೋದರೆ ಇನ್‌ಫೆಕ್ಷನ್ ಅಂತ ಸುಮ್ಮನಾಗಬಾರದು, ಒಳಗೆ ನೋಡಲೇಬೇಕು. ಇದನ್ನು ನಾನು ಸಿಕ್ಕಸಿಕ್ಕ ಹೆಂಗಸರಿಗೆಲ್ಲ ಹೇಳುತ್ತಿರುತ್ತೇನೆ. ಕೆಲವರು ಮುಖ ಆ ಕಡೆ ತಿರುಗಿಸುತ್ತಾರೆ. ತಿರುಗಿಸಲಿ.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಮೊದಲ ಶಾಲೆಯಲ್ಲಿ ಟೀಚರುಗಳಿಗೆ ಶೌಚಾಲಯವೇ ಇರಲಿಲ್ಲ. ಬೆಳಿಗ್ಗೆ ನೀರು ಕುಡಿಯದೆ ಹೋಗಿ, ಸಂಜೆ ಮನೆಗೆ ಬಂದ ಮೇಲೆ ಕುಡಿಯುವುದು. ಬಸ್ಸಿನಲ್ಲಿ ಎಷ್ಟು ದೂರ ಹೋದರೂ ಕಟ್ಟಿಕೊಂಡು ಕೂರುವುದು. ಅದರಿಂದಲೇ ಕ್ಯಾನ್ಸರ್ ಬಂತು ಅಂತ ಹೇಳುತ್ತಿಲ್ಲ, ಹಾಗೆ ಹೇಳಲು ಬರುವುದಿಲ್ಲ. ಆದರೆ ಹೊಟ್ಟೆನೋವು, ತಲೆನೋವು ಅಂತ ಬಾಯಿಬಿಟ್ಟು ಹೇಳುವವರು ಇದೊಂದನ್ನು ಮಾತ್ರ ನುಂಗಿಕೊಳ್ಳುವುದನ್ನು ನಾವು ಕಲಿತಿದ್ದೇ ಹಾಗೆ ಅಲ್ವಾ? ಆ ಡಾಕ್ಟರ ಅಮ್ಮನನ್ನು ನಾನು ನೋಡಿಲ್ಲ. ಆದರೂ ಗೊತ್ತು ಅನ್ನಿಸುತ್ತದೆ.

ಕಾರಣ ಏನು ಅಂತ ಎಲ್ಲರೂ ಹುಡುಕುತ್ತಾರೆ. ಸಿಗರೇಟು ಇದಕ್ಕೆ ದೊಡ್ಡ ಕಾರಣ. ಬಣ್ಣದ ಕಾರ್ಖಾನೆಯ ಕೆಲಸಗಾರರಿಗೆ ಬರುತ್ತದೆ ಅಂತ ಜರ್ಮನಿಯ ಲುಡ್ವಿಗ್ ರೆನ್ ಎಂಬ ಸರ್ಜನ್ 1895ರಲ್ಲೇ ಹೇಳಿದ್ದರು. ನಾನು ಸೀಮೆಸುಣ್ಣ ಬಿಟ್ಟು ಬೇರೇನೂ ಮುಟ್ಟಿದವಳಲ್ಲ. "ನೀವು ಸ್ಮೋಕ್ ಮಾಡ್ತೀರಾ" ಅಂತ ಒಬ್ಬ ಜೂನಿಯರ್ ಡಾಕ್ಟರ್ ತಲೆ ತಗ್ಗಿಸಿಕೊಂಡು ಕೇಳಿದ್ದ, ಪಾಪ. ಹೂಂ ಅಂದುಬಿಡೋಣ ಅನ್ನಿಸಿತ್ತು.

ನನ್ನ ರಿಪೋರ್ಟಿನಲ್ಲಿ ಪ್ರತಿ ಸಲವೂ ಒಂದೇ ಸಾಲು ಬರುತ್ತದೆ: ಲೋ ಗ್ರೇಡ್, ಟಿಎ. ಅಂದರೆ ಕೋಶಗಳು ಅಷ್ಟು ಉಗ್ರವಲ್ಲ, ಗಡ್ಡೆ ಒಳಪದರದಲ್ಲಷ್ಟೇ ಇದೆ, ಕೆಳಗೆ ಇಳಿದಿಲ್ಲ. ಇಂಥದ್ದು ಹೋದ ಹಾಗೆ ಮಾಡಿ ಮತ್ತೆ ಬರುತ್ತದೆ. ಸ್ನಾಯುವಿನವರೆಗೆ ಇಳಿದು ಜೀವಕ್ಕೆ ಕುತ್ತು ತರುವುದು ಕಡಿಮೆ. ನೆಂಟರಿಗೆ ಇದು ಅರ್ಥವೇ ಆಗುವುದಿಲ್ಲ. ಕೂದಲು ಉದುರಿಲ್ಲ, ತೂಕ ಇಳಿದಿಲ್ಲ, ಮದುವೆ ಮನೆಯಲ್ಲಿ ಎರಡು ಹೋಳಿಗೆ ಹಾಕಿಸಿಕೊಳ್ಳುತ್ತಾಳೆ, ಇದೆಂಥ ಕ್ಯಾನ್ಸರ್ರು? ಮೊದಲು ಅಳುತ್ತಾ ಬಂದವರು ಈಗ ಅನುಮಾನದಿಂದ ನೋಡುತ್ತಾರೆ.

ಸಲಹೆಗೆ ಮಾತ್ರ ಬರವಿಲ್ಲ. ಅಕ್ಕ ನೆಗ್ಗಿಲುಮುಳ್ಳಿನ ಕಷಾಯದ ಪುಡಿ ಕಳಿಸಿದ್ದಾಳೆ. ಭಾವ "ಕಿದ್ವಾಯಿಗೆ ಹೋಗಿ ಒಂದ್ಸಲ ತೋರಿಸಿಬಿಡಿ, ಅಲ್ಲಿ ನೋಡದೇ ಇರೋ ಕೇಸಿಲ್ಲ" ಅನ್ನುತ್ತಾರೆ. ಭಾವನ ಮಾತಿನಲ್ಲಿ ಅರ್ಥವಿದೆ. ಆದರೆ ಅವರು ಮೊಣಕಾಲು ನೋವಿಗೂ ಇದೇ ಸಲಹೆ ಕೊಟ್ಟಿದ್ದರು.

ಮಗನದು ಬೇರೆಯೇ ದಾರಿ. ಅವನು ನ್ಯೂಜೆರ್ಸಿಯಲ್ಲಿ ಕೂತು ಓದಿ ಓದಿ ಅರ್ಧ ಡಾಕ್ಟರಾಗಿದ್ದಾನೆ. 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಒಂದು ಹೊಸ ಔಷಧಿಗೆ ಒಪ್ಪಿಗೆ ಸಿಕ್ಕಿದೆಯಂತೆ, ನನ್ನಂಥವರಿಗೇ, ಅಂದರೆ ಲೋ ಗ್ರೇಡ್ ಮತ್ತೆ ಮತ್ತೆ ಬರುವವರಿಗೇ. ಅದರಲ್ಲಿರುವುದು ಹಳೇ ಕ್ಯಾನ್ಸರ್ ಔಷಧಿ ಮೈಟೊಮೈಸಿನ್ನೇ. ತಣ್ಣಗಿದ್ದಾಗ ನೀರಾಗಿರುತ್ತದೆ, ಮೈ ಶಾಖಕ್ಕೆ ಜೆಲ್ ಆಗಿ ಒಳಗೇ ಜಾಸ್ತಿ ಹೊತ್ತು ನಿಲ್ಲುತ್ತದೆ. ವಾರಕ್ಕೊಂದು ಸಲ, ಆರು ವಾರ. ಆಪರೇಷನ್ ಇಲ್ಲ. ಮೂರು ತಿಂಗಳ ನಂತರ ನೋಡಿದಾಗ ನೂರರಲ್ಲಿ ಎಪ್ಪತ್ತೆಂಟು ಜನರಿಗೆ ಗಡ್ಡೆ ಪೂರ್ತಿ ಮಾಯವಾಗಿತ್ತಂತೆ. "ಇಲ್ಲಿಗೆ ಬಂದ್ಬಿಡು ಅಮ್ಮ, ಹೇಗಾದ್ರೂ ಮಾಡೋಣ" ಅನ್ನುತ್ತಾನೆ. ಒಪ್ಪಿಗೆ ಕೊಡುವ ಹಿಂದಿನ ತಿಂಗಳು ಅಲ್ಲಿನ ತಜ್ಞರ ಸಮಿತಿಯಲ್ಲಿ ಐವರು ಬೇಡ, ನಾಲ್ವರು ಬೇಕು ಅಂದಿದ್ದರು ಅನ್ನುವುದನ್ನು ಅವನು ಹೇಳಲಿಲ್ಲ. ಅದನ್ನು ಡಾಕ್ಟರು ಹೇಳಿದರು. ತಜ್ಞರೇ ಹಾಗೆ ಎರಡು ಪಾಲಾದ ಮೇಲೆ ನಾನು ಮೂರು ರಾತ್ರಿ ನಿದ್ದೆಗೆಟ್ಟಿದ್ದು ದೊಡ್ಡದಲ್ಲ ಅಂತ ಸಮಾಧಾನವಾಯಿತು.

ಬಿಸಿಜಿ ಬಗ್ಗೆಯೂ ಕೇಳಿದೆ. ಮಕ್ಕಳಿಗೆ ಹುಟ್ಟಿದ ತಕ್ಷಣ ತೋಳಿಗೆ ಚುಚ್ಚುವ ಅದೇ ಟಿಬಿ ಲಸಿಕೆ. ಅದನ್ನು ಮೂತ್ರಕೋಶಕ್ಕೆ ಹಾಕಿದರೆ ಗಡ್ಡೆ ಹೋಗುತ್ತದೆ ಅಂತ ಕೆನಡಾದ ಅಲ್ವಾರೊ ಮೊರಾಲೆಸ್ ಎಂಬ ಡಾಕ್ಟರು 1976ರಲ್ಲಿ ಒಂಬತ್ತು ರೋಗಿಗಳ ಲೆಕ್ಕ ಕೊಟ್ಟು ತೋರಿಸಿದರಂತೆ. ಬದುಕಿರುವ ರೋಗಾಣುವನ್ನೇ ಒಳಗೆ ಬಿಡುವುದು, ಎರಡು ಗಂಟೆ ಕಟ್ಟಿಕೊಂಡಿರುವುದು, ಆಮೇಲೆ ಟಾಯ್ಲೆಟ್ಟಿಗೆ ಬ್ಲೀಚ್ ಸುರಿಯುವುದು. ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಹೆಂಗಸು ಅದನ್ನು ಹಾಕಿಸಿಕೊಂಡಿದ್ದರು. ಅವರದು ಹೈ ಗ್ರೇಡ್. ಚಳಿಜ್ವರ, ಉರಿ, ಅರ್ಧ ಗಂಟೆಗೊಮ್ಮೆ ಓಟ. "ಏನಾದ್ರಾಗ್ಲಿ, ಮೂತ್ರದ ಚೀಲ ಉಳೀಲಿ" ಅನ್ನುತ್ತಿದ್ದರು. ಅವರಿಗೆ ಆ ಕಷ್ಟಕ್ಕೆ ಅರ್ಥವಿತ್ತು. "ನಿಮ್ಮಂಥವರಿಗೂ ಕೆಲವೊಮ್ಮೆ ಕೊಡ್ತೀವಿ. ಆದ್ರೆ ಸದ್ಯಕ್ಕೆ ಇದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ" ಅಂದರು ಡಾಕ್ಟರು.

ಉಳಿದಿದ್ದು ಹಳೇ ದಾರಿ, ಟಿಯುಆರ್‌ಬಿಟಿ. ಹೊರಗೆ ಒಂದು ಗೀರೂ ಇಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಒಳದಾರಿಯಿಂದಲೇ ಹೋಗಿ, ಕರೆಂಟಿನ ತಂತಿಯಲ್ಲಿ ಕೆತ್ತಿ ತೆಗೆಯುತ್ತಾರೆ. ಆಮೇಲೆ ಒಂದು ದಿನದೊಳಗೆ ನೇರಳೆ ಬಣ್ಣದ ಮೈಟೊಮೈಸಿನ್ ಹಾಕುತ್ತಾರೆ. ಕೇಳಲು ಸುಲಭ. ಕಷ್ಟ ಇರುವುದು ಮೂತ್ರ ಹರಿಯಲು ಹಾಕುವ ಕೊಳವೆಯಲ್ಲಿ, ಕ್ಯಾಥೆಟರಿನಲ್ಲಿ. ಖಾಲಿ ಇರುವ ಚೀಲಕ್ಕೆ ತುಂಬಿದೆ ತುಂಬಿದೆ ಅನ್ನಿಸುತ್ತಲೇ ಇರುತ್ತದೆ, ತಿಣುಕಿದರೆ ಇನ್ನೂ ಹಿಂಸೆ. ಕಳೆದ ಸಲ ರಾತ್ರಿ ರಕ್ತದ ಹೆಪ್ಪು ಸಿಕ್ಕಿಕೊಂಡು ಹರಿಯುವುದು ನಿಂತುಹೋಯಿತು. ನರ್ಸ್ ದೊಡ್ಡ ಸಿರಿಂಜಿನಲ್ಲಿ ಸಲೈನ್ ತಳ್ಳಿ ಎಳೆದು, ತಳ್ಳಿ ಎಳೆದ ಮೇಲೆ ಕೊನೆಗೆ ಹೆಪ್ಪು ಬಿಟ್ಟಿತು. ರಕ್ತ ಅಂದರೆ ತಲೆ ತಿರುಗುವ ನಮ್ಮನೆಯವರು ಅವತ್ತು ರಾತ್ರಿಯಿಡೀ ಸ್ಟೂಲಿನ ಮೇಲೆ ಕೂತು ಬ್ಯಾಗಿನ ಬಣ್ಣ ನೋಡುತ್ತಿದ್ದರು. "ಈಗ ತಿಳಿಯಾಯ್ತು ಕಣೇ" ಅಂತ ಗಂಟೆಗೊಮ್ಮೆ ವರದಿ. ನಾನು ನಿದ್ದೆ ಮಾಡುತ್ತಿದ್ದರೂ ಎಬ್ಬಿಸಿ ಹೇಳುತ್ತಿದ್ದರು. ಡಾಕ್ಟರಿಗೆ ಉಡಾಫೆ ಅಂದವರನ್ನು ಅದಕ್ಕೇ ನಾನು ಜಾಸ್ತಿ ಬೈಯಲಿಲ್ಲ.

ಐದು ಮಿಲಿಮೀಟರಿಗೆ ಅಷ್ಟೆಲ್ಲ ಬೇಕಾ? ಪ್ರತಿ ಸಲ ಕೆತ್ತಿದಾಗಲೂ ಒಂದು ಗಾಯ, ಒಂದು ಅನಸ್ತೇಶಿಯ. ಮೊದಲೆಲ್ಲ ಕಂಡ ತಕ್ಷಣ ತೆಗೆಯುತ್ತಿದ್ದರು. ಈಗ ಹಿಂದಿನದೆಲ್ಲ ಲೋ ಗ್ರೇಡ್ ಆಗಿದ್ದು, ಹೊಸದು ಚಿಕ್ಕದಾಗಿದ್ದು, ಮೂತ್ರದ ಸೈಟಾಲಜಿಯಲ್ಲಿ ಕೆಟ್ಟ ಕೋಶ ಕಾಣದಿದ್ದರೆ, ಕಣ್ಣಿಟ್ಟುಕೊಂಡು ಕಾಯುವುದೂ ಒಂದು ದಾರಿ ಅಂತ ಒಪ್ಪುತ್ತಾರೆ. ಆದರೆ "ಸುಮ್ನಿರೋದು" ಅಂದರೆ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ. ಏನಾದರೂ ಮಾಡಿಸಿಕೊಂಡರೆ ನೆಂಟರೆಲ್ಲ ಒಂದು ವಾರ ಬ್ರೆಡ್ಡು ಹಣ್ಣು ತಂದು, ಸರಿಹೋಯಿತು ಅಂತ ಮರೆಯಬಹುದು. ಸುಮ್ಮನಿದ್ದರೆ ಅವರಿಗೂ ದಿನಾ ನೆನಪು.

ನನ್ನ ಕಷ್ಟ ಬೇರೆ. ಗಡ್ಡೆ ಒಳಗಿದೆ ಅಂತ ಗೊತ್ತಿದ್ದೂ ಸಾರಿಗೆ ಒಗ್ಗರಣೆ ಹಾಕಲು ಆಗುತ್ತಾ ಅಂತ ನೋಡಿಕೊಂಡೆ. ಬುಧವಾರ ಆಗಲಿಲ್ಲ. ಗುರುವಾರ ಆಯಿತು. ಡಾಕ್ಟರಿಗೆ ಗಡ್ಡೆಯ ಅಳತೆ ಗೊತ್ತು, ಮಗನಿಗೆ ಶೇಕಡಾವಾರು ಗೊತ್ತು. ರಾತ್ರಿ ಎಷ್ಟು ಸಲ ಏಳುತ್ತೇನೆ, ಕ್ಯಾಥೆಟರ್ ತೆಗೆದ ಮೇಲೆ ಎಷ್ಟು ದಿನ ಹೊರಗೆ ಹೋಗಲು ಹೆದರುತ್ತೇನೆ ಅನ್ನುವುದು ನನಗೊಬ್ಬಳಿಗೇ ಗೊತ್ತು. ಡಾಕ್ಟರು ನನ್ನನ್ನು ಕೇಳಿದ್ದು ಜಾರಿಕೊಳ್ಳಲು ಅಂತ ಮೊದಲು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಅಮ್ಮನ ಮಾತೆತ್ತಿ ತಮಾಷೆ ಮಾಡಿದರೂ, ಅಮ್ಮ ಏನು ಬಯಸುತ್ತಾರೋ ತನಗೆ ಗೊತ್ತಿಲ್ಲ ಅನ್ನುವುದನ್ನು ಆ ಹುಡುಗ ಒಪ್ಪಿಕೊಂಡನಲ್ಲ. ಎಷ್ಟು ಗಂಡುಮಕ್ಕಳು ಒಪ್ಪುತ್ತಾರೆ? ನನ್ನ ಮಗನಂತೂ ಇಲ್ಲ. ಅವನಿಗೆ ಅಮ್ಮನಿಗೆ ಏನು ಬೇಕು ಅನ್ನುವುದು ಅಮ್ಮನಿಗಿಂತ ಚೆನ್ನಾಗಿ ಗೊತ್ತು.

ಶನಿವಾರ ಫೋನಿನಲ್ಲಿ ಅವನಿಗೆ ಹೇಳಿದೆ: ಕಾಯುತ್ತೇನೆ. ಮೂರು ತಿಂಗಳಿಗೆ ಮತ್ತೆ ಒಳಗೆ ನೋಡುತ್ತಾರೆ. ಒಂದು ಸೆಂಟಿಮೀಟರ್ ದಾಟಿದರೆ, ಎರಡು ಹೋಗಿ ಐದಾರಾದರೆ, ರಕ್ತ ಕಂಡರೆ, ಸೈಟಾಲಜಿ ಕೆಟ್ಟದಾಗಿ ಬಂದರೆ, ಒಂದು ಮಾತೂ ಆಡದೆ ಆಪರೇಷನ್‌ಗೆ ಮಲಗುತ್ತೇನೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಐದಾರು ಯಾಕೆ, ಮೂರಾದ್ರೆ ಸಾಕು ಅಂತ ಬರೆಸು" ಅಂದ. ಚೌಕಾಸಿಗೆ ಇಳಿದ ಅಂದರೆ ಒಪ್ಪಿದ ಅಂತಲೇ ಲೆಕ್ಕ. ನಾಲ್ಕಕ್ಕೆ ಮುಗಿಸಿದೆವು. ಸೈಟಾಲಜಿ ರಿಪೋರ್ಟು ಸೋಮವಾರ ಬರುತ್ತದಂತೆ.