ಅಮಾಲ್ಫಿ ಕರಾವಳಿ: ಸಲೆರ್ನೊದಲ್ಲಿ ತಂಗಿ, ಕಡಲ ಕಡೆಯಿಂದ ನೋಡಿ

ದಕ್ಷಿಣ ಇಟಲಿಯ ಅಮಾಲ್ಫಿ ಕರಾವಳಿಗೆ ಹೊರಡುವವರು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದದ್ದು ಎಲ್ಲಿ ತಂಗಬೇಕು ಎಂಬುದನ್ನು. ಚಿತ್ರಗಳಲ್ಲಿ ಕಾಣುವ ಪೊಸಿಟಾನೊದಲ್ಲೇ ಕೋಣೆ ಹಿಡಿಯಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ, ನಮಗೂ ಇತ್ತು. ಆದರೆ ಮಂಡಿನೋವಿರುವ ಅತ್ತೆಯವರು ನಮ್ಮ ಜೊತೆಗಿದ್ದರು, ಅಲ್ಲಿನ ಬಾಡಿಗೆಯೂ ನಮ್ಮ ಕೈಗೆಟುಕುವಂತಿರಲಿಲ್ಲ. ಹಾಗಾಗಿ ಕರಾವಳಿಯ ಪೂರ್ವದ ತುದಿಯಲ್ಲಿರುವ ಸಲೆರ್ನೊ ನಗರದಲ್ಲಿ ಉಳಿದುಕೊಂಡು, ಬೆಳಿಗ್ಗೆ ಹೊರಟು ಸಂಜೆ ಮರಳುವ ಏರ್ಪಾಡು ಮಾಡಿಕೊಂಡೆವು. ಈಗ ಯಾರು ಕೇಳಿದರೂ ನಾನು ಇದನ್ನೇ ಹೇಳುತ್ತೇನೆ. ಸಲೆರ್ನೊ ಸಮತಟ್ಟಾದ ಊರು, ಅಲ್ಲಿನ ರೈಲು ನಿಲ್ದಾಣದಿಂದ ಫೆರ್ರಿ ಹೊರಡುವ ಕಟ್ಟೆಗೆ ಕೆಲವೇ ನಿಮಿಷಗಳ ನಡಿಗೆ, ಮತ್ತು ಊಟ, ಔಷಧಿ, ದಿನಸಿ ಎಲ್ಲವೂ ಆ ಊರಿನ ಜನ ಕೊಡುವ ದರದಲ್ಲೇ ಸಿಗುತ್ತವೆ.

ಬೆಂಗಳೂರಿನಿಂದ ನೇಪಲ್ಸ್‌ಗೆ ನೇರ ವಿಮಾನವಿಲ್ಲ. ಕೊಲ್ಲಿ ದೇಶಗಳ ಮೂಲಕವೋ ಯುರೋಪಿನ ಬೇರೊಂದು ನಗರದ ಮೂಲಕವೋ ರೋಮ್ ಇಲ್ಲವೆ ನೇಪಲ್ಸ್ ಸೇರಿಕೊಳ್ಳಬೇಕು. ರೋಮ್‌ನ ಟೆರ್ಮಿನಿ ನಿಲ್ದಾಣದಿಂದ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆಗೆ ಸಲೆರ್ನೊ ಸಿಗುತ್ತದೆ, ನೇಪಲ್ಸ್‌ನಿಂದ ಮುಕ್ಕಾಲು ಗಂಟೆ ಸಾಕು. ಇಟಲಿಗೆ ಬೇಕಾದ, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ, ಅದರ ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೇಸಿಗೆಯ ರಜೆಗೆ ಹೋಗುವವರು ಅರ್ಜಿ ಸಲ್ಲಿಕೆಯ ದಿನಾಂಕವನ್ನು ಜನವರಿ, ಫೆಬ್ರುವರಿಯಲ್ಲೇ ಹುಡುಕಿಕೊಳ್ಳುವುದು ಒಳ್ಳೆಯದು, ಏಕೆಂದರೆ ಏಪ್ರಿಲ್ ಹೊತ್ತಿಗೆ ಅರ್ಧ ಕರ್ನಾಟಕವೇ ಸರದಿಯಲ್ಲಿ ನಿಂತಂತಿರುತ್ತದೆ.

ಹೋಗುವ ಕಾಲದ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ಅಥವಾ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಅರ್ಧದವರೆಗೆ. ಆಗಸ್ಟ್‌ನಲ್ಲಿ ಇಟಲಿಯ ಜನರೇ ರಜೆ ಹಾಕಿ ಕಡಲಿಗೆ ಬರುತ್ತಾರೆ, 15ನೇ ತಾರೀಖಿನ ಫೆರ‍್ರಗೊಸ್ಟೊ ಹಬ್ಬದ ಆಸುಪಾಸಿನಲ್ಲಿ ಬಸ್ಸಿನ ಬಾಗಿಲಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಚಳಿಗಾಲದಲ್ಲಿ ಇದಕ್ಕೆ ತದ್ವಿರುದ್ಧ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬಹಳಷ್ಟು ಹೋಟೆಲುಗಳು ಬಾಗಿಲು ಹಾಕಿರುತ್ತವೆ, ಫೆರ್ರಿಗಳೂ ನಿಂತಿರುತ್ತವೆ. ಫೆರ್ರಿ ಇಲ್ಲದ ಅಮಾಲ್ಫಿ ಪ್ರವಾಸವನ್ನು ನಾನು ಯಾರಿಗೂ ಹೇಳಲಾರೆ.

ಅದಕ್ಕೆ ಕಾರಣ ಇಲ್ಲಿನ ರಸ್ತೆ. ಲಟ್ಟಾರಿ ಬೆಟ್ಟಸಾಲು ನೇರವಾಗಿ ಸಮುದ್ರಕ್ಕೆ ಇಳಿಯುವುದರಿಂದ ತೀರದಲ್ಲಿ ಬಯಲು ಎಂಬುದೇ ಇಲ್ಲ. 19ನೇ ಶತಮಾನದ ಮೊದಲರ್ಧದಲ್ಲಿ, ದಕ್ಷಿಣ ಇಟಲಿಯನ್ನು ಆಳುತ್ತಿದ್ದ ಬೂರ್ಬನ್ ದೊರೆಗಳ ಕಾಲದಲ್ಲಿ, ಬಂಡೆಯನ್ನು ಕಡಿದು ಮಾಡಿದ ದಾರಿಯೇ ಇಂದಿನ 163ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ. ಅದಕ್ಕೆ ಮೊದಲು ಈ ಊರುಗಳ ನಡುವೆ ಓಡಾಟವೆಲ್ಲ ದೋಣಿಯಲ್ಲಿ ಇಲ್ಲವೆ ಹೇಸರಗತ್ತೆಯ ಬೆನ್ನಿನಲ್ಲಿ. ಆಗುಂಬೆ ಘಾಟಿಯ ತಿರುವುಗಳನ್ನು ಕಂಡವರಿಗೆ ತಿರುವಿನ ಭಯವಿರಲಾರದು, ಆದರೆ ಆಗುಂಬೆಯಲ್ಲಿ ಕೆಳಗೆ ಕಾಡಿದ್ದರೆ ಇಲ್ಲಿ ಬರಿಯ ಗಾಳಿ ಮತ್ತು ನೀರು. ಒಂದು ಮಧ್ಯಾಹ್ನ ಪ್ರಯಾನೊ ಹತ್ತಿರ ನಮ್ಮ ಬಸ್ಸಿಗೆ ಎದುರಾಗಿ ತರಕಾರಿ ತುಂಬಿದ ಲಾರಿಯೊಂದು ಬಂತು. ಎರಡೂ ವಾಹನಗಳು ಪಕ್ಕದ ಕನ್ನಡಿ ಮಡಚಿಕೊಂಡವು. ಹಿಂದಿದ್ದ ಕಾರುಗಳು ಒಂದೊಂದಾಗಿ ಹಿಮ್ಮುಖವಾಗಿ ಸರಿದವು. ಮುಂದಿನ ಸೀಟಿನಲ್ಲಿದ್ದ ಊರಿನ ಅಜ್ಜಿಯೊಬ್ಬರು ಕಿಟಕಿಯಿಂದ ಕೈ ಹೊರಚಾಚಿ, ಗೋಡೆಗೂ ಬಸ್ಸಿಗೂ ಇನ್ನೆಷ್ಟು ಅಂತರವಿದೆಯೆಂದು ಬೆರಳುಗಳಲ್ಲೇ ಚಾಲಕನಿಗೆ ತೋರಿಸುತ್ತಿದ್ದರು. ಕೊನೆಗೆ ಅದು ಎರಡು ಬೆರಳಿಗೆ ಬಂದಿತ್ತು. ಲಾರಿ ದಾಟಿದ ಮೇಲೆ ಇಬ್ಬರು ಚಾಲಕರೂ ದಿನನಿತ್ಯದ ಪರಿಚಿತರಂತೆ ಕೈ ಬೀಸಿಕೊಂಡರು.

ಇಂಥ ದಾರಿಯಲ್ಲಿ ಬಾಡಿಗೆ ಕಾರು ಓಡಿಸುವುದು ಸಾಹಸವೂ ಅಲ್ಲ, ಸುಖವೂ ಅಲ್ಲ. ಬೇಸಿಗೆಯ ವಾರಾಂತ್ಯಗಳಲ್ಲಿ ಮತ್ತು ಆಗಸ್ಟ್ ತಿಂಗಳಿಡೀ ಹಗಲು ಹೊತ್ತಿನಲ್ಲಿ ನೋಂದಣಿ ಸಂಖ್ಯೆಯ ಕೊನೆಯ ಅಂಕಿಗೆ ತಕ್ಕಂತೆ ಸಮ-ಬೆಸ ನಿಯಮವಿರುತ್ತದೆ. ಅದನ್ನು ದಾಟಿದರೂ ಪೊಸಿಟಾನೊ, ಅಮಾಲ್ಫಿಗಳಲ್ಲಿ ನಿಲುಗಡೆಗೆ ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ, ಸಿಕ್ಕರೂ ಗಂಟೆಯ ಲೆಕ್ಕದಲ್ಲಿ ದುಬಾರಿ ಬಾಡಿಗೆ. ಕಾರು ಓಡಿಸುವವರು ಕಡಲನ್ನು ನೋಡುವುದಂತೂ ಸಾಧ್ಯವೇ ಇಲ್ಲ.

ಬಸ್ಸಿನಲ್ಲಿ ಹೋಗಲೇಬೇಕಾದ ಸಂದರ್ಭಗಳಿರುತ್ತವೆ. ಕರಾವಳಿಯ ಉದ್ದಕ್ಕೂ ಸೀತಾ ಸುದ್ ಎಂಬ ಸಂಸ್ಥೆಯ ನೀಲಿ ಬಸ್ಸುಗಳು ಓಡಾಡುತ್ತವೆ. ಟಿಕೆಟ್ ಅನ್ನು ಹತ್ತುವ ಮೊದಲೇ, ಹೊರಗೆ ದೊಡ್ಡ ‘ಟಿ’ ಅಕ್ಷರ ತೂಗುಹಾಕಿರುವ ‘ತಬಾಕಿ’ ಎಂಬ ತಂಬಾಕಿನ ಅಂಗಡಿಯಲ್ಲಿ ಕೊಂಡು, ಬಸ್ಸೊಳಗಿನ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು. ಮುದ್ರೆಯಿಲ್ಲದ ಟಿಕೆಟ್ ಇದ್ದರೂ ದಂಡ ಬೀಳುತ್ತದೆ, ಪ್ರಾದೇಶಿಕ ರೈಲುಗಳ ಕಾಗದದ ಟಿಕೆಟ್‌ಗೂ ಇದೇ ನಿಯಮ. ಭಾನುವಾರ ಅನೇಕ ಅಂಗಡಿಗಳು ಮುಚ್ಚಿರುತ್ತವೆಯಾದ್ದರಿಂದ ಮರಳುವ ಟಿಕೆಟನ್ನೂ ಒಟ್ಟಿಗೇ ತೆಗೆದಿಟ್ಟುಕೊಳ್ಳಿ. ಸಲೆರ್ನೊದಿಂದ ಅಮಾಲ್ಫಿಗೆ ಹೋಗುವಾಗ ಎಡಗಡೆಯ ಸೀಟು ಹಿಡಿಯಬೇಕು, ಪಶ್ಚಿಮದ ಸೊರೆಂಟೊ ಊರಿನ ಕಡೆಯಿಂದ ಬರುವವರು ಬಲಗಡೆಯದನ್ನು. ವಾಂತಿಯ ತೊಂದರೆ ಇರುವವರು ಅರ್ಧ ಗಂಟೆ ಮುಂಚೆ ಮಾತ್ರೆ ತೆಗೆದುಕೊಳ್ಳುವುದು ಕ್ಷೇಮ. ಮಧ್ಯದ ನಿಲ್ದಾಣಗಳಲ್ಲಿ ಬಸ್ಸು ತುಂಬಿದ್ದರೆ ನಿಲ್ಲಿಸದೆ ಹೋಗುತ್ತದೆ, ಆದ್ದರಿಂದ ಸಾಧ್ಯವಾದಷ್ಟೂ ಹೊರಡುವ ಜಾಗದಲ್ಲೇ ಹತ್ತಿಕೊಳ್ಳಬೇಕು.

ಫೆರ್ರಿಯಲ್ಲಿ ಈ ಯಾವ ತಾಪತ್ರಯವೂ ಇಲ್ಲ. ಸಲೆರ್ನೊದಿಂದ ಅಮಾಲ್ಫಿಗೆ ಸುಮಾರು 35 ನಿಮಿಷ, ಅಲ್ಲಿಂದ ಪೊಸಿಟಾನೊಗೆ ಮತ್ತೆ 25 ನಿಮಿಷ. ದರ ಬಸ್ಸಿಗಿಂತ ಹೆಚ್ಚು ನಿಜ, ಆದರೆ ಈ ಕರಾವಳಿಯ ರೂಪ ಅರ್ಥವಾಗುವುದು ನೀರಿನ ಮೇಲಿಂದಲೇ. ವಿಯೆತ್ರಿಯ ಬಣ್ಣದ ಹೆಂಚಿನ ಗುಮ್ಮಟ, ಚೆಟಾರಾದ ಕಾವಲು ಗೋಪುರ, ಮಯೋರಿಯ ಉದ್ದನೆಯ ಮರಳ ತೀರ, ಬೆಟ್ಟದ ಸೀಳಿನಲ್ಲಿ ಒತ್ತರಿಸಿಕೊಂಡ ಅತ್ರಾನಿ ಒಂದರ ಹಿಂದೊಂದು ತೆರೆದುಕೊಳ್ಳುತ್ತ ಹೋಗುತ್ತವೆ. ಸಲೆರ್ನೊದಲ್ಲಿ ಫೆರ್ರಿ ಹೊರಡುವ ಕಟ್ಟೆಗಳು ಒಂದಕ್ಕಿಂತ ಹೆಚ್ಚಿವೆ. ನಿಲ್ದಾಣಕ್ಕೆ ಹತ್ತಿರದ್ದು ಪಿಯಾಜ಼ಾ ಡೆಲ್ಲಾ ಕಾಂಕೋರ್ಡಿಯಾ, ಆದರೂ ಟಿಕೆಟ್‌ನಲ್ಲಿ ಯಾವುದರ ಹೆಸರಿದೆಯೆಂದು ನೋಡಿಕೊಂಡೇ ಹೊರಡಿ. ಗಾಳಿ ಎದ್ದು ಸಮುದ್ರ ಒರಟಾದರೆ ಫೆರ್ರಿ ರದ್ದಾಗುತ್ತದೆ. ಹಾಗಾಗಿ ಕೈಯಲ್ಲಿ ಬಸ್ಸಿನ ಟಿಕೆಟ್ ಒಂದಿದ್ದರೆ ಸಂಜೆ ಪರದಾಡುವುದು ತಪ್ಪುತ್ತದೆ.

ಪೊಸಿಟಾನೊ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಡಲಿನಿಂದ ನೋಡುವಾಗ ಅದು ಚಿತ್ರಗಳಲ್ಲಿರುವಷ್ಟೇ ಚೆಂದ, ಒಳಹೊಕ್ಕರೆ ಬಟ್ಟೆಯಂಗಡಿ, ಮೆಟ್ಟಿಲು, ಜನಜಂಗುಳಿ. ಅರ್ಧ ದಿನ ಸಾಕು. ಅಲ್ಲೇ ಉಳಿಯುವವರು ಕೋಣೆ ಕಾಯ್ದಿರಿಸುವ ಮೊದಲು ‘ರಸ್ತೆಯಿಂದ ಎಷ್ಟು ಮೆಟ್ಟಿಲು’ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆದುಕೊಳ್ಳಬೇಕು. ಇನ್ನೂರು ಮೆಟ್ಟಿಲು ಅಲ್ಲಿ ಸಾಮಾನ್ಯ ಸಂಗತಿ, ದೊಡ್ಡ ಸೂಟ್‌ಕೇಸಿಗೆ ಅದೇ ದೊಡ್ಡ ಶಿಕ್ಷೆ.

ಅಮಾಲ್ಫಿಗೆ ಮಾತ್ರ ಬಿಡುವಾಗಿ ಹೋಗಬೇಕು. ಇಂದು ಸಣ್ಣ ಊರಾದರೂ ಒಂದು ಕಾಲಕ್ಕೆ ಇದು ವೆನಿಸ್, ಪೀಸಾ, ಜಿನೋವಾಗಳ ಸಾಲಿನಲ್ಲಿ ನಿಂತ ಕಡಲ ಗಣರಾಜ್ಯ. ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್), ಈಜಿಪ್ಟ್‌ಗಳ ಜೊತೆ ಇದರ ವ್ಯಾಪಾರ ನಡೆಯುತ್ತಿತ್ತು. 12ನೇ ಶತಮಾನದಲ್ಲಿ ಪೀಸಾದವರು ಊರನ್ನು ಸೂರೆ ಮಾಡಿದರು, 1343ರ ನವೆಂಬರ್‌ನಲ್ಲಿ ಉಕ್ಕಿದ ಕಡಲು ತೀರದ ಭಾಗವನ್ನು ನುಂಗಿಹಾಕಿತು. ಉಳಿದ ವೈಭವವನ್ನು ಸಂತ ಆಂಡ್ರೂ ಅವರ ಪ್ರಧಾನ ಚರ್ಚಿನಲ್ಲಿ ನೋಡಬಹುದು. ಅದಕ್ಕೆ 62 ಮೆಟ್ಟಿಲು ಹತ್ತಬೇಕು. ಅತ್ತೆಯವರು ನಡುನಡುವೆ ಕೂತು ಹತ್ತಿದರು, ಮೇಲಿನ ಕಂಚಿನ ಬಾಗಿಲುಗಳ ಮುಂದೆ ನಿಂತಾಗ ಆಯಾಸ ಮರೆತರು. 11ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಎರಕ ಹೊಯ್ದು ಹಡಗಿನಲ್ಲಿ ತಂದ ಬಾಗಿಲುಗಳವು. ಪಕ್ಕದ 13ನೇ ಶತಮಾನದ ಅಂಗಳದಲ್ಲಿ ಒಂದರೊಳಗೊಂದು ಹೆಣೆದುಕೊಂಡ ಬಿಳಿ ಕಮಾನುಗಳನ್ನು ನೋಡಿದರೆ ಅರಬರ ನಂಟು ತಾನಾಗಿ ತಿಳಿಯುತ್ತದೆ. ಚರ್ಚುಗಳೊಳಗೆ ಭುಜ, ಮಂಡಿ ಮುಚ್ಚುವ ಉಡುಪು ಬೇಕು, ನಮ್ಮ ಚೂಡಿದಾರ, ಸೀರೆಗಳಿಗೆ ಇದರ ಚಿಂತೆಯಿಲ್ಲ. ಊರಿನ ಹಿಂಬದಿಯ ಕಣಿವೆಯಲ್ಲಿ ಹಳೆಯ ಗಿರಣಿಯಲ್ಲೇ ಇರುವ ಕಾಗದದ ಸಂಗ್ರಹಾಲಯವಿದೆ. ಹತ್ತಿ ಬಟ್ಟೆಯ ಚಿಂದಿಯನ್ನು ನೀರಿನ ಬಲದಿಂದ ಕುಟ್ಟಿ ಕಾಗದ ಮಾಡುತ್ತಿದ್ದ ಬಗೆಯನ್ನು ಅಲ್ಲಿ ಕಣ್ಣೆದುರಿಗೇ ತೋರಿಸುತ್ತಾರೆ. ಮಕ್ಕಳಿದ್ದರೆ ತಪ್ಪಿಸಬೇಡಿ.

ಅಮಾಲ್ಫಿಯಿಂದ ಹತ್ತು-ಹದಿನೈದು ನಿಮಿಷ ನಡೆದರೆ ಅತ್ರಾನಿ. ವಿಸ್ತೀರ್ಣದಲ್ಲಿ ಇಡೀ ಇಟಲಿಯಲ್ಲೇ ಅತಿ ಚಿಕ್ಕ ಪುರಸಭೆ ಇದು, ಕೇವಲ 0.12 ಚದರ ಕಿಲೋಮೀಟರ್. ಅಲ್ಲಿನ ಚೌಕದಲ್ಲಿ ಕೂತು ಕುಡಿದ ಕಾಫಿಗೆ ಪೊಸಿಟಾನೊದ ಅರ್ಧ ಬೆಲೆಯೂ ಇರಲಿಲ್ಲ. ನಿಂತು ಕುಡಿದರೆ ಇನ್ನೂ ಅಗ್ಗ. ಇಟಲಿಯಲ್ಲಿ ಕುರ್ಚಿಗೂ ಬೆಲೆಯಿದೆ, ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ಕಂಡರೆ ಗಾಬರಿಯಾಗಬೇಡಿ, ಅದು ತಲೆಗಿಷ್ಟು ಎಂದು ಹಾಕುವ ಮೇಜಿನ ಶುಲ್ಕ.

ರವೆಲ್ಲೊ ಕಡಲಿಂದ 350 ಮೀಟರ್‌ಗಿಂತ ಎತ್ತರದಲ್ಲಿದೆ, ಅಮಾಲ್ಫಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಬಸ್ಸು ನಿಲ್ಲುವಲ್ಲಿಂದ ಸಣ್ಣ ಸುರಂಗ ದಾಟಿದರೆ ವಾಹನಗಳಿಲ್ಲದ ಚೌಕ, ಪಕ್ಕದಲ್ಲೇ ತೋಟವಿರುವ ಹಳೆಯ ಬಂಗಲೆ ವಿಲ್ಲಾ ರುಫೊಲೊ. ವಯಸ್ಸಾದವರನ್ನು ಕರೆದೊಯ್ಯುವವರಿಗೆ ಇಡೀ ಕರಾವಳಿಯಲ್ಲಿ ಇಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ: ಕಡಿಮೆ ಹತ್ತುವಿಕೆ, ನೆರಳು, ಬೆಂಚು, ಕೆಳಗೆ ಪೂರ್ತಿ ಕಡಲು. ಜರ್ಮನ್ ಸಂಗೀತಕಾರ ರಿಚರ್ಡ್ ವಾಗ್ನರ್ 1880ರಲ್ಲಿ ಈ ತೋಟಕ್ಕೆ ಬಂದಿದ್ದರು. ಬೇಸಿಗೆಯ ಸಂಗೀತೋತ್ಸವಕ್ಕೆ ಕಡಲ ಮೇಲೆ ಚಾಚಿದಂತೆ ವೇದಿಕೆ ಕಟ್ಟುತ್ತಾರೆ. ವಿಲ್ಲಾ ಚಿಂಬ್ರೋನೆಯ ಜಗಲಿಯ ನೋಟ ಇನ್ನೂ ದೊಡ್ಡದು, ಆದರೆ ಅಲ್ಲಿಗೆ ಏರುದಾರಿಯಲ್ಲಿ ಕಾಲು ಗಂಟೆ ನಡೆಯಬೇಕು. ಮಂಡಿ ಗಟ್ಟಿಯಿರುವವರು ರವೆಲ್ಲೊದಿಂದ ಮಿನೋರಿಗೆ ಹಳೆಯ ಮೆಟ್ಟಿಲದಾರಿಯಲ್ಲೇ ಇಳಿಯಬಹುದು.

ನಡೆಯುವವರಿಗೆ ‘ದೇವತೆಗಳ ಹಾದಿ’ ಎಂದೇ ಹೆಸರಾದ ಚಾರಣ ಮಾರ್ಗವಿದೆ. ಬೆಟ್ಟದ ಮೇಲಿನ ಅಗೆರೋಲಾದ ಬೊಮೆರಾನೊದಲ್ಲಿ ಹೊರಟು ಪೊಸಿಟಾನೊದ ಮೇಲ್ಗಡೆಯ ಹಳ್ಳಿ ನೊಚೆಲ್ಲೆಯತ್ತ ನಡೆದರೆ ಒಟ್ಟಾರೆ ಇಳಿಜಾರು, ಕ್ಯಾಪ್ರಿ ದ್ವೀಪ ಮುಂದುಗಡೆಯೇ ಕಾಣುತ್ತಿರುತ್ತದೆ. ಎರಡೂವರೆ-ಮೂರು ಗಂಟೆಯ ಈ ದಾರಿಯಲ್ಲಿ ನೆರಳು ತೀರಾ ಕಡಿಮೆ, ಆದ್ದರಿಂದ ಬೆಳಿಗ್ಗೆಯೇ ಹೊರಟು ತಲೆಗೆ ಎರಡು ಲೀಟರ್ ನೀರು ಒಯ್ಯಬೇಕು, ಚಪ್ಪಲಿಯಲ್ಲಿ ಹೋಗಬಾರದು. ನೊಚೆಲ್ಲೆಯಿಂದ ಕೆಳಗಿನ ರಸ್ತೆಗೆ ಸುಮಾರು 1,700 ಮೆಟ್ಟಿಲುಗಳಿವೆ. ಅಷ್ಟು ಹೊತ್ತಿಗೆ ಕಾಲು ನಡುಗುತ್ತಿರುತ್ತದೆ, ಸ್ಥಳೀಯ ಬಸ್ಸು ಹಿಡಿದರೆ ಯಾರೂ ನಗುವುದಿಲ್ಲ.

ಸಸ್ಯಾಹಾರಿಗಳಿಗೆ ಈ ಪ್ರದೇಶ ಕಷ್ಟವಲ್ಲ. ಮಾರ್ಗರೀಟಾ ಪಿಜ್ಜಾ, ಟೊಮೆಟೊ ಸಾಸಿನ ಸ್ಪಗೆಟ್ಟಿ, ಬದನೆಕಾಯಿಯ ಪರ್ಮಿಜಾನಾ, ಸೊರೆಂಟೊ ಶೈಲಿಯ ಆಲೂಗಡ್ಡೆ ನ್ಯೋಕ್ಕಿ ಎಲ್ಲೆಡೆ ಸಿಗುತ್ತವೆ. ಮರೀನಾರಾ ಪಿಜ್ಜಾದಲ್ಲಿ ಮೀನಿರುವುದಿಲ್ಲ, ಟೊಮೆಟೊ, ಬೆಳ್ಳುಳ್ಳಿ ಮತ್ತು ಒರೆಗಾನೊ ಅಷ್ಟೇ. ಆದರೆ ಕಣ್ಣಿಗೆ ಕಾಣದ ಕಡೆ ಎಚ್ಚರವಿರಲಿ. ಚೆಟಾರಾದಲ್ಲಿ ಅಂಚೊವಿ ಮೀನನ್ನು ಉಪ್ಪಿನ ಜೊತೆ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಅದುಮಿಟ್ಟು ತೆಗೆಯುವ ‘ಕೊಲಾತುರಾ’ ಎಂಬ ರಸವನ್ನು ಬರಿಯ ಪಾಸ್ತಾಕ್ಕೂ ಪಲ್ಯಕ್ಕೂ ಬೆರೆಸುವುದುಂಟು. ಮೀನು ತಿನ್ನುವವರಿಗೆ ಅದು ತಪ್ಪಿಸಬಾರದ ರುಚಿ, ತಿನ್ನದವರು ‘ಸೆಂಜ಼ಾ ಕಾರ್ನೆ, ಸೆಂಜ಼ಾ ಪೆಶೆ’, ಅಂದರೆ ಮಾಂಸ, ಮೀನು ಬೇಡ ಎಂದು ಮೊದಲೇ ಹೇಳಿಬಿಡಬೇಕು. ಕಟ್ಟಾ ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಪರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಊಟದ ವೇಳೆಗಳೂ ಬಿಗಿ, ಮಧ್ಯಾಹ್ನ ಮೂರರ ನಂತರ ಸಂಜೆ ಏಳೂವರೆಯ ತನಕ ಅನೇಕ ಅಡುಗೆಮನೆಗಳು ಮುಚ್ಚಿರುತ್ತವೆ.

ಇಲ್ಲಿನ ನಿಂಬೆಯ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಒಣಕಲ್ಲಿನ ಗೋಡೆ ಕಟ್ಟಿ ಮಾಡಿದ ಮೆಟ್ಟಿಲುಗದ್ದೆಗಳಲ್ಲಿ, ಚೆಸ್ಟ್‌ನಟ್ ಮರದ ಕಂಬಗಳ ಚಪ್ಪರದ ಕೆಳಗೆ ಬೆಳೆಯುವ ಅಮಾಲ್ಫಿಯ ಸ್ಫುಸಾತೊ ನಿಂಬೆ ಉದ್ದಕ್ಕೆ, ತುದಿ ಮೊನಚಾಗಿ ಇರುತ್ತದೆ. ಮಯೋರಿಯಿಂದ ಮಿನೋರಿಗೆ ನಿಂಬೆ ತೋಟಗಳ ನಡುವೆ ಹೋಗುವ ಕಾಲುದಾರಿಯಲ್ಲಿ ರೈತರೊಬ್ಬರು ಹಣ್ಣನ್ನು ಸಿಪ್ಪೆಯ ಸಮೇತ ತೆಳ್ಳಗೆ ಹೆಚ್ಚಿ, ಉಪ್ಪು ಉದುರಿಸಿ ಕೊಟ್ಟರು. ಬೆರಳಗಲದ ಬಿಳಿಯ ತಿರುಳಿನಲ್ಲಿ ಕಹಿಯ ಸುಳಿವೇ ಇರಲಿಲ್ಲ. ಬಿಸಿಲಿನಲ್ಲಿ ಬಂದಿದ್ದ ಅತ್ತೆಯವರು ಒಂದಾದ ಮೇಲೊಂದು ನಾಲ್ಕು ಹೋಳು ತಿಂದು, ಇದಕ್ಕೆ ಚಿಟಿಕೆ ಖಾರದಪುಡಿ ಬಿದ್ದಿದ್ದರೆ ಎಂದರು. ಅಂಗಡಿಗಳಲ್ಲಿ ಮಾರುವ ನಿಂಬೆ ಸಾಬೂನಿಗಿಂತ ಈ ಎರಡು ಊರುಗಳ ನಡುವಿನ ಒಂದು ಗಂಟೆಯ ನಡಿಗೆ ಮೇಲು. ಮಿನೋರಿಯಲ್ಲಿ ಇಳಿದ ಮೇಲೆ 1ನೇ ಶತಮಾನದ ರೋಮನ್ ಬಂಗಲೆಯ ಅವಶೇಷವನ್ನೂ ನೋಡಬಹುದು.

ಸಲೆರ್ನೊದಲ್ಲಿ ನಾಲ್ಕೈದು ರಾತ್ರಿ ಇಟ್ಟುಕೊಂಡರೆ ಒಂದು ದಿನವನ್ನು ರೈಲಿಗೆ ಮೀಸಲಿಡಿ. ಒಂದು ಕಡೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ರೋಮನ್ ನಗರ ಪೊಂಪೆ, ಇನ್ನೊಂದು ಕಡೆ ಕ್ರಿ.ಪೂ. 6 ಮತ್ತು 5ನೇ ಶತಮಾನಗಳ ಗ್ರೀಕ್ ದೇವಾಲಯಗಳು ನಿಂತಿರುವ ಪೇಸ್ಟುಮ್, ಎರಡಕ್ಕೂ ಪ್ರಾದೇಶಿಕ ರೈಲುಗಳಿವೆ. ಸಾರಿಗೆ ನೌಕರರ ಮುಷ್ಕರ ಇಟಲಿಯಲ್ಲಿ ಅಪರೂಪವಲ್ಲ, ಆದರೆ ಅದನ್ನು ಮುಂಚಿತವಾಗಿಯೇ ಪ್ರಕಟಿಸುತ್ತಾರೆ. ಪತ್ರಿಕೆಗಳಲ್ಲಿ ‘ಶೋಪೆರೊ’ ಎಂಬ ಪದ ಕಂಡರೆ ಹೋಟೆಲಿನವರನ್ನು ವಿಚಾರಿಸಿ, ಮರಳುವ ವಿಮಾನದ ದಿನ ಅದು ಬಿದ್ದರೆ ಹಿಂದಿನ ರಾತ್ರಿಯೇ ವಿಮಾನ ನಿಲ್ದಾಣದ ಊರಿಗೆ ಬಂದುಬಿಡಿ. ಹೋಟೆಲ್ ಬಿಡುವಾಗ ತಲೆಗೆ, ರಾತ್ರಿಗೆ ಇಷ್ಟೆಂದು ಪ್ರವಾಸಿ ತೆರಿಗೆ ಕೇಳುತ್ತಾರೆ. ಅದು ಮುಂಗಡ ಪಾವತಿಯಲ್ಲಿ ಬಹುತೇಕ ಸೇರಿರುವುದಿಲ್ಲ, ಅನೇಕ ಕಡೆ ನಗದಿನಲ್ಲೇ ಬೇಕೆನ್ನುತ್ತಾರೆ, ಅಷ್ಟು ಯೂರೊ ಚಿಲ್ಲರೆಯನ್ನು ಕೊನೆಯ ದಿನದವರೆಗೆ ಉಳಿಸಿಟ್ಟುಕೊಂಡಿರಿ.