ಪೈಪು ನಿಂತ ಜಾಗದಿಂದ ನನ್ನ ಗೇಟಿಗೆ 740 ಹೆಜ್ಜೆ

ಹೋದ ಭಾನುವಾರ ಬೆಳಿಗ್ಗೆ ಎಣಿಸಿಕೊಂಡು ನಡೆದೆ. ರಿಂಗ್ ರೋಡಿನ ಪಕ್ಕ ದಾವಣಗೆರೆ ಸಿಟಿಯ ನೀರಿನ ಪೈಪು ಮುಗಿಯುವ ಜಾಗದಿಂದ ನಮ್ಮ ಗೇಟಿಗೆ ಸರಿಯಾಗಿ 740 ಹೆಜ್ಜೆ. ಪೈಪಿನ ಬಾಯಿಗೆ ದಪ್ಪ ಕಬ್ಬಿಣದ ಮುಚ್ಚಳ ಹಾಕಿ ಬೋಲ್ಟ್ ಬಿಗಿದಿದ್ದಾರೆ. ಮುಟ್ಟಿದರೆ ತಣ್ಣಗಿರುತ್ತದೆ. ಸುತ್ತ ಒಂದು ಮೊಳದಷ್ಟು ಗರಿಕೆ ಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಆ ನೀರು ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ್ದೋ, ಭದ್ರಾ ನಾಲೆಯಿಂದ ಕುಂದವಾಡ ಕೆರೆಗೆ ಬಿಟ್ಟಿದ್ದೋ ಇರಬೇಕು. ಅಷ್ಟು ದೂರದಿಂದ ಬಂದು ಇಲ್ಲಿ ನಿಂತಿದೆ.

ನಮ್ಮ ಬಡಾವಣೆ ಇರೋದು ಗ್ರಾಮ ಪಂಚಾಯ್ತಿ ಲೆಕ್ಕದಲ್ಲಿ. ಹತ್ತು ವರ್ಷದ ಹಿಂದೆ ಇಲ್ಲೆಲ್ಲ ಮೆಕ್ಕೆಜೋಳ ಬೆಳೆಯುತ್ತಿದ್ದರು. ಈಗ ಮೂರು ಅಂತಸ್ತಿನ ಮನೆಗಳು ಎದ್ದಿವೆ. ಸೈಟ್ ಮಾರಿದವರು "ಇನ್ನೆರಡು ವರ್ಷದಲ್ಲಿ ಎಲ್ಲಾ ಬರುತ್ತೆ" ಅಂದಿದ್ದರು. ನಾವು ಮನೆ ಕಟ್ಟಿ ಏಳು ವರ್ಷ ಆಯ್ತು. ಬೋರ್ ನೀರು ಮೂರು ದಿನಕ್ಕೊಮ್ಮೆ ಒಂದು ಗಂಟೆ ಬರುತ್ತದೆ. ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಇಲ್ಲ, ಎಲ್ಲರ ಮನೆಯಲ್ಲೂ ಗುಂಡಿಯೇ. ಮಳೆಗಾಲದಲ್ಲಿ ಗುಂಡಿ ಬೇಗ ತುಂಬುತ್ತದೆ. ಹೀರುವ ಗಾಡಿಗೆ ಫೋನ್ ಮಾಡಿ, ಮೂಗು ಮುಚ್ಚಿಕೊಂಡು ಕಾಯಬೇಕು.

ಹಾಗಾಗಿ ನಮ್ಮನ್ನು ಮಹಾನಗರ ಪಾಲಿಕೆಗೆ ಸೇರಿಸಬೇಕು ಅಂತ ಮಾತು ಬಂದಾಗ ನಾನು ಮೊದಲೇ ಕೈ ಎತ್ತಿದೆ. ನಾನು ಗಣಿತದ ಟೀಚರ್. ಲೆಕ್ಕ ಸ್ಪಷ್ಟವಾಗಿತ್ತು. ಹಳ್ಳಿಗೆ ನೀರಿನ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್, ಯುಜಿಡಿ ಇರುವ ಸಿಟಿಗೆ 135 ಲೀಟರ್. ನಾಲ್ಕು ಜನರ ನಮ್ಮ ಮನೆಗೆ 220 ಎಲ್ಲಿ, 540 ಎಲ್ಲಿ?

ಸಂಜೆ ಆಂಜನೇಯನ ಗುಡಿ ಕಟ್ಟೆ ಮೇಲೆ ಸಭೆ ಸೇರಿತು. ಯಾರೋ ಮಂಡಕ್ಕಿ, ಮೆಣಸಿನಕಾಯಿ ತರಿಸಿದ್ದರು. ಬಡಾವಣೆಯವರು ಒಂದು ಕಡೆ ಕುರ್ಚಿ ಹಾಕಿಕೊಂಡರು, ಹಳೇ ಊರಿನವರು ಕಟ್ಟೆ ಮೇಲೆ ಕೂತರು. ಯಾರೂ ಹಾಗೆ ಕೂರಿ ಅಂತ ಹೇಳಿರಲಿಲ್ಲ. ನನಗೆ ಅದು ನೋಡಿಯೇ ಬೇಜಾರಾಯ್ತು.

ನಮ್ಮವರು ಮಾತಾಡಿದ್ದು ನೀರು, ಯುಜಿಡಿ, ಬೀದಿ ದೀಪ, ಖಾತೆ. ಕರೆಂಟಿನ ಮಾತು ಬರಲೇ ಇಲ್ಲ, ಅದು ಎರಡೂ ಕಡೆ ಬೆಸ್ಕಾಂನದೇ. "ಶಾಮನೂರು, ನಿಟ್ಟುವಳ್ಳಿ ಕೂಡ ಒಂದು ಕಾಲಕ್ಕೆ ಹಳ್ಳಿಗಳೇ ಅಲ್ವಾ? ಈಗ ಅಲ್ಲಿ ಸೈಟಿನ ರೇಟ್ ಕೇಳಿ ನೋಡಿ" ಅಂದರು ಒಬ್ಬರು.

ನಮಗೆ ದಿನಾ ಹಾಲು ಹಾಕುವ ಅಜ್ಜಿ ಎದ್ದು ನಿಂತರು. "ಸೈಟ್ ರೇಟ್ ನಿಮಗೆ. ನನಗೆ ಮಾರೋಕೆ ಸೈಟ್ ಎಲ್ಲೈತಿ? ಇರೋದು ಎರಡು ಎಮ್ಮೆ, ಒಂದು ತಿಪ್ಪೆ" ಅಂದರು. ಸಿಟಿಯಾದರೆ ಉದ್ಯೋಗ ಖಾತ್ರಿ ಕೆಲಸ ಇರೋದಿಲ್ಲ, ಅವರ ಸೊಸೆ ಅದನ್ನೇ ನಂಬಿದ್ದಾಳೆ. ಮನೆ ಕಂದಾಯ ಮಾರ್ಗಸೂಚಿ ದರದ ಮೇಲೆ, ಅಂದರೆ ಆ ಜಾಗಕ್ಕೆ ಸರ್ಕಾರ ಗೊತ್ತು ಮಾಡಿದ ಬೆಲೆಯ ಮೇಲೆ, ಹೋಗುತ್ತದೆ. ಪಕ್ಕದಲ್ಲಿ ಲೇಔಟ್ ಎದ್ದು ದರ ಏರಿದ್ದಕ್ಕೆ ಅಜ್ಜಿ ತನ್ನ ಹೆಂಚಿನ ಮನೆಗೆ ಜಾಸ್ತಿ ಕಟ್ಟಬೇಕು.

ಆಮೇಲೆ ನನ್ನ ವಿದ್ಯಾರ್ಥಿನಿಯೊಬ್ಬಳ ಅಮ್ಮ ಕೇಳಿದ ಪ್ರಶ್ನೆ ನನ್ನನ್ನು ನಿಜವಾಗಿ ಕಾಡಿತು. ಅವರ ಚಿಕ್ಕ ಮಗ ಊರಿನ ಸರ್ಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸು. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಎಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಶೇಕಡಾ 15 ಗ್ರಾಮೀಣ ಮೀಸಲಾತಿ ಇದೆ. "ಈಗ ಊರು ಸಿಟಿ ಆದರೆ ನನ್ನ ಮಗನ ಎಂಟು ವರ್ಷ ಎಲ್ಲಿಗೆ ಹೋಯ್ತು ಟೀಚರ್?" ಅಂದರು. ಸಭೆಯಲ್ಲಿ ಯಾರ ಬಾಯಲ್ಲೂ ಉತ್ತರ ಇರಲಿಲ್ಲ, ನನ್ನ ಬಾಯಲ್ಲೂ. ಪ್ರತಿ ವರ್ಷ ನಾನೇ ಅಂಥ ಪ್ರಮಾಣಪತ್ರಗಳನ್ನು ಬರೆದುಕೊಟ್ಟವಳು. ಆ ಕಾಗದ ಎಷ್ಟು ಮನೆಗೆ ಆಧಾರ ಅಂತ ಗೊತ್ತಿದ್ದೂ ಕೈ ಎತ್ತುವಾಗ ಅದು ನೆನಪಾಗಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಇನ್ನೊಂದು ಲೆಕ್ಕ ಹಾಕಿದೆ. ಗ್ರಾಮ ಪಂಚಾಯ್ತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ. ಪಾಲಿಕೆಯಲ್ಲಿ 45 ವಾರ್ಡು. 2011ರ ಜನಗಣತಿಯ 4.35 ಲಕ್ಷವನ್ನು ಭಾಗಿಸಿದರೂ ಒಬ್ಬ ಸದಸ್ಯನಿಗೆ 9,600ಕ್ಕೂ ಹೆಚ್ಚು ಜನ. ಈಗ ನಲ್ಲಿ ಕೆಟ್ಟರೆ ಮೆಂಬರ್ ಮನೆ ಬಾಗಿಲಿಗೇ ಹೋಗಿ ಕೂಗುತ್ತೇವೆ. ಗ್ರಾಮಸಭೆ ವರ್ಷಕ್ಕೆ ಎರಡು ಸಲವಾದರೂ ನಡೆಯಲೇಬೇಕು. ಅಜ್ಜಿ ಬಿಟ್ಟುಕೊಡೋದು ಇದನ್ನೆಲ್ಲ.

ಅದಕ್ಕೆ ಪ್ರತಿಯಾಗಿ ಸಿಗೋದು ನೀರು ತಾನೇ? ಹಾಗಾದರೆ ಆ ನೀರು ಬರಲೇಬೇಕು. ನಮ್ಮ ಬೀದಿಯ ನಿವೃತ್ತ ಎಂಜಿನಿಯರ್ ಒಬ್ಬರು ಚಹಾ ಕುಡಿಯುತ್ತಾ ಬಿಡಿಸಿ ಹೇಳಿದರು. ಗಡಿ ಬದಲಾಗೋದು ಒಂದು ಅಧಿಸೂಚನೆಯಿಂದ. ಪೈಪು ಬರೋದಕ್ಕೆ ಓವರ್‌ಹೆಡ್ ಟ್ಯಾಂಕು ಬೇಕು, ಪಂಪಿನ ಶಕ್ತಿ ಬೇಕು, ಅಂದಾಜು ಪಟ್ಟಿ, ಟೆಂಡರ್ ಆಗಬೇಕು. ಯುಜಿಡಿಯಂತೂ ಇಳಿಜಾರಿನ ಆಟ. ನಮ್ಮ ಬಡಾವಣೆ ರಿಂಗ್ ರೋಡಿಗಿಂತ ತಗ್ಗಿನಲ್ಲಿದೆ. ಕೊಳಚೆ ತಾನಾಗಿ ಮೇಲಕ್ಕೆ ಹರಿಯೋದಿಲ್ಲ, ಬಾವಿ ಕಟ್ಟಿ ಪಂಪಿನಿಂದ ಎತ್ತಬೇಕು. ಕಂದಾಯ ಮಾತ್ರ ಇದ್ಯಾವುದಕ್ಕೂ ಕಾಯದೆ ಮೊದಲ ವರ್ಷವೇ ಬರಬಹುದು.

ನಾನು ಈಗಲೂ ಸೇರಬೇಕು ಅಂತಲೇ ಹೇಳುತ್ತೇನೆ. ಇಷ್ಟು ಮನೆಗಳ ಕೊಳಚೆಯನ್ನು ಗುಂಡಿಯಲ್ಲಿಟ್ಟು, ಪಕ್ಕದಲ್ಲೇ ಬೋರ್ ಕೊರೆದು ಕುಡಿಯೋದು ಮಕ್ಕಳಿಗೆ ಒಳ್ಳೆಯದಲ್ಲ. ಆದರೆ ಮೊದಲು ಪೈಪು, ಆಮೇಲೆ ಗಡಿ. ಅದು ಆಗದಿದ್ದರೆ ಯಾವ ವರ್ಷ ಟ್ಯಾಂಕು, ಯಾವ ವರ್ಷ ಯುಜಿಡಿ ಅಂತ ಕಾಗದದಲ್ಲಿ ಬರಬೇಕು. ನೀರು ಬರುವವರೆಗೆ ಹಳೇ ಕಂದಾಯವೇ ಇರಬೇಕು. ಈಗಾಗಲೇ ಹಳ್ಳಿ ಶಾಲೆಯಲ್ಲಿ ಇರುವ ಮಕ್ಕಳ ಹಕ್ಕು ಉಳಿಯಬೇಕು.

ಗಡಿ ಬದಲಿಸುವ ಅಧಿಸೂಚನೆಯ ಕರಡು ಹೊರಟಾಗ ಆಕ್ಷೇಪಣೆ ಕರೆಯುತ್ತಾರೆ. ಅಷ್ಟರೊಳಗೆ ಕಾಗದ ಸಿದ್ಧ ಇರಬೇಕು. ನಿನ್ನೆ ಎರಡು ಪುಟ ಬರೆದು ಅಜ್ಜಿಗೆ ಓದಿ ಹೇಳಿದೆ. ಕೇಳಿಸಿಕೊಂಡು, "ಎಮ್ಮೆ ವಿಷಯ ಎಲ್ಲೈತಿ?" ಅಂದರು. ಇರಲಿಲ್ಲ. ಸೇರಿಸಿದೆ.

ಭಾನುವಾರ ಸಂಜೆ ಐದಕ್ಕೆ ಅದೇ ಕಟ್ಟೆ. ಬಡಾವಣೆಯವರು ಖಾತೆಯ ಜೆರಾಕ್ಸ್ ತನ್ನಿ. ಈ ಸಲ ಕುರ್ಚಿ ಬೇಡ, ಎಲ್ಲರೂ ಕಟ್ಟೆ ಮೇಲೇ ಕೂರೋಣ. ಜಾಗ ಸಾಕಾಗುತ್ತದೆ, ನೋಡಿ ಬಂದಿದ್ದೇನೆ.